ಗೊರಕೆ ನಿಂತ ಮೇಲೂ ನಿಲ್ಲುತ್ತಿದ್ದ ಉಸಿರು: ಒಬ್ಬ ಲಾರಿ ಚಾಲಕರ ಪ್ರಕರಣ

ರೋಗಿಗೆ 47 ವರ್ಷ. ಹಾವೇರಿ ಜಿಲ್ಲೆಯವರು. ಸ್ವಂತ ಲಾರಿ ಓಡಿಸುತ್ತಾರೆ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಚೀಲ ತುಂಬಿಕೊಂಡು ಸಂಜೆ ಹೊರಟರೆ ರಾತ್ರಿಯಿಡೀ ಹೆದ್ದಾರಿಯಲ್ಲೇ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಹೆಸರು, ಊರು ಬಿಟ್ಟಿದ್ದೇನೆ.

ನನ್ನ ಹತ್ತಿರ ಬಂದದ್ದು ವಸಡಿನಲ್ಲಿ ರಕ್ತ ಬರುತ್ತದೆ ಎಂದು, ಗೊರಕೆಗಲ್ಲ. ಹಲ್ಲು ಕ್ಲೀನ್ ಮಾಡಲು ಕುರ್ಚಿಯಲ್ಲಿ ಮಲಗಿಸಿದೆ. ಮಿಷನ್ ಸದ್ದು ಮಾಡುತ್ತಿದೆ, ಬಾಯೊಳಗೆ ನೀರು ಚಿಮ್ಮುತ್ತಿದೆ, ಅಷ್ಟರಲ್ಲೇ ಅವರು ನಿದ್ದೆಗೆ ಜಾರಿದರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಆಮೇಲೆ ಸದ್ದೇ ಇಲ್ಲ. ಎದೆ ಏರಿಳಿಯುತ್ತಿತ್ತು, ಮೂಗು ಬಾಯಲ್ಲಿ ಮಾತ್ರ ಗಾಳಿ ಓಡಾಡುತ್ತಿರಲಿಲ್ಲ. ನಾನು ಭುಜ ಮುಟ್ಟುವ ಮೊದಲೇ ದೊಡ್ಡದಾಗಿ ಉಸಿರೆಳೆದು ಬೆಚ್ಚಿ ಎದ್ದರು. "ರಾತ್ರಿ ಗಾಡಿ ಹೊಡದಿದ್ದೆ, ಅದಕ್ಕ ನಿದ್ದಿ ಹತ್ತಿತ್ರಿ" ಎಂದರು.

ಬರೀ ದಣಿವಾಗಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಬಾಯಿ ಬೇರೆ ಏನೋ ಹೇಳುತ್ತಿತ್ತು. ನಾಲಿಗೆಯ ಎರಡೂ ಅಂಚಿನಲ್ಲಿ ಹಲ್ಲಿನ ಗುರುತು ಮೂಡಿತ್ತು. ಮುಂದಿನ ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿತ್ತು, ಅಂದರೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ. ಕೆಳದವಡೆ ಸ್ವಲ್ಪ ಹಿಂದಕ್ಕೆ ಇತ್ತು. ಬಾಯಿ ತೆರೆದು ನಾಲಿಗೆ ಚಾಚಿ ಎಂದರೆ ಕಿರುನಾಲಿಗೆಯೇ ಕಾಣುತ್ತಿರಲಿಲ್ಲ. ಕತ್ತಿನ ಸುತ್ತಳತೆ 41 ಸೆಂಟಿಮೀಟರ್. ಬಿಪಿಗೆ ಮಾತ್ರೆ ನಡೆಯುತ್ತಿತ್ತು. ಅವರೇನೂ ತೀರಾ ದಪ್ಪ ಮನುಷ್ಯರಲ್ಲ, ಬಿಎಂಐ (ಎತ್ತರಕ್ಕೆ ತೂಕದ ಲೆಕ್ಕ) 27. ಉಸಿರು ಕಟ್ಟುವ ಕಾಯಿಲೆ ದಪ್ಪಗಿರುವವರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದವಡೆ ಚಿಕ್ಕದಾಗಿದ್ದರೆ, ಹಿಂದಕ್ಕಿದ್ದರೆ, ಅಷ್ಟೇನೂ ತೂಕ ಇಲ್ಲದವರಿಗೂ ಅದು ಬರುತ್ತದೆ.

ಜೊತೆಗೆ ಬಂದಿದ್ದ ಹೆಂಡತಿಯನ್ನು ಒಳಗೆ ಕರೆದೆ. ಇಂಥ ವಿಷಯದಲ್ಲಿ ಪಕ್ಕದಲ್ಲಿ ಮಲಗುವವರ ಮಾತೇ ಮೊದಲ ಪರೀಕ್ಷೆ. "ಗೊರಕಿ ಹೊಡದರ ನನಗ ಧೈರ್ಯ ಇರತೈತ್ರಿ. ಅದು ನಿಂತ್ರನ ಅಂಜಿಕಿ. ಎದ್ದು ಅಲಗಾಡಸ್ತೀನ್ರಿ" ಎಂದರು. ಎಷ್ಟು ವರ್ಷದಿಂದ ಎಂದು ಕೇಳಿದರೆ, ಮಗಳು ಸಣ್ಣವಳಿದ್ದಾಗಿನಿಂದ ಎಂದರು. ಮಗಳು ಈಗ ಕಾಲೇಜಿನಲ್ಲಿದ್ದಾಳೆ.

ಹಗಲು ತೂಕಡಿಕೆ ಅಳೆಯಲು ಎಪ್‌ವರ್ತ್ ಎಂಬ ಪ್ರಶ್ನಾವಳಿ ಇದೆ. ಎಂಟು ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ. ಕೂತು ಓದುವಾಗ, ಟಿವಿ ನೋಡುವಾಗ, ಮಧ್ಯಾಹ್ನ ಊಟವಾದ ಮೇಲೆ ಸುಮ್ನೆ ಕೂತಾಗ ನಿದ್ದೆ ಎಷ್ಟು ಬರುತ್ತದೆ ಎಂಬಂಥ ಪ್ರಶ್ನೆಗಳು. ಒಟ್ಟು 24ರಲ್ಲಿ 10 ದಾಟಿದರೆ ತೂಕಡಿಕೆ ಜಾಸ್ತಿ ಎಂದರ್ಥ. ಇವರಿಗೆ 15 ಬಂತು. ಗಾಡಿ ಓಡಿಸುವಾಗ ಎಂದಾದರೂ ಕಣ್ಣು ಮುಚ್ಚಿದೆಯೇ ಎಂದು ಬೇರೆಯಾಗಿ ಕೇಳಿದೆ. ಸ್ವಲ್ಪ ಹೊತ್ತು ಹೆಂಡತಿಯ ಮುಖ ನೋಡಿದರು. ಹಿರಿಯೂರು ದಾಟಿದ ಮೇಲೆ ಒಮ್ಮೆ ಲಾರಿ ಡಿವೈಡರ್ ಕಡೆ ಹೋಗಿತ್ತಂತೆ. ಕ್ಲೀನರ್ ಹುಡುಗ ಕೂಗಿಕೊಂಡಿದ್ದರಿಂದ ಎಚ್ಚರವಾಯಿತಂತೆ. ಅದು ಅವರ ಮನೆಯವರಿಗೆ ಅಂದೇ ಗೊತ್ತಾದದ್ದು.

ದಂತವೈದ್ಯರಿಗೆ ಗುಮಾನಿ ಬರಬಹುದು. ಆದರೆ ಇದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಎಂದು ತೀರ್ಮಾನಿಸುವ ಕೆಲಸ ವೈದ್ಯರದ್ದು. ಈ ಗೆರೆಯನ್ನು ದಾಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೊರಕೆ ಎಂದು ಬಂದವರಿಗೆ ಪರೀಕ್ಷೆಯಿಲ್ಲದೆ ಹಲ್ಲಿನ ಅಳತೆ ತೆಗೆದುಕೊಂಡು, ಮಲಗುವಾಗ ಕೆಳದವಡೆಯನ್ನು ಮುಂದೆ ಹಿಡಿದಿಡುವ ಉಪಕರಣ ಮಾಡಿಕೊಟ್ಟರೆ ಸದ್ದು ಅಡಗಬಹುದು, ಕಾಯಿಲೆ ಒಳಗೇ ಉಳಿಯಬಹುದು. ಹಾಗಾಗಿ ಹುಬ್ಬಳ್ಳಿಯ ಎದೆರೋಗ ತಜ್ಞರೊಬ್ಬರಿಗೆ ಪತ್ರ ಬರೆದು ಕಳಿಸಿದೆ.

ಪರೀಕ್ಷೆ ಏನು ಹೇಳಿತು

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಸ್ಲೀಪ್ ಸ್ಟಡಿ ಮಾಡಿದರು. ತಲೆಗೆ, ಎದೆಗೆ, ಕಾಲಿಗೆ ತಂತಿಗಳು, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಇದರಲ್ಲಿ ಮುಖ್ಯವಾಗಿ ನೋಡುವುದು ಎಎಚ್‌ಐ ಎಂಬ ಅಂಕಿ. ನಿದ್ದೆಯ ಒಂದು ಗಂಟೆಯಲ್ಲಿ ಎಷ್ಟು ಸಲ ಉಸಿರು ಪೂರ್ತಿ ನಿಂತಿತು ಅಥವಾ ತುಂಬಾ ಕಡಿಮೆಯಾಯಿತು ಎಂಬ ಲೆಕ್ಕ ಅದು. ಕನಿಷ್ಠ 10 ಸೆಕೆಂಡ್ ಆದರೆ ಮಾತ್ರ ಒಂದು ಸಲ ಎಂದು ಎಣಿಸುತ್ತಾರೆ. 5ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ.

ಇವರದ್ದು 27. ಆಮ್ಲಜನಕ 81 ಶೇಕಡಕ್ಕೆ ಇಳಿದ ಗಳಿಗೆಯೂ ಇತ್ತು. ಅಂಗಾತ ಮಲಗಿದಾಗಿನ ಲೆಕ್ಕ 41, ಮಗ್ಗುಲಲ್ಲಿ ಮಲಗಿದಾಗ 12. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಟ್ಟುಕೊಂಡೆ. ಮುಂದೆ ಅದೇ ಕೆಲಸಕ್ಕೆ ಬಂತು.

ಏಕೆ ಹೀಗಾಗುತ್ತದೆ? ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ದಾರಿಯನ್ನು ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ. ನೆನೆದ ಕಾಗದದ ಸ್ಟ್ರಾದಲ್ಲಿ ಜೋರಾಗಿ ಎಳೆದರೆ ಗೋಡೆಗಳು ಅಂಟಿಕೊಳ್ಳುತ್ತವಲ್ಲ, ಹಾಗೆಯೇ ಇಲ್ಲೂ. ನಾಲಿಗೆಯ ಬುಡ, ಅಂಗುಳದ ಮೆತ್ತನೆಯ ಭಾಗ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದೆ. ಆಮ್ಲಜನಕ ಇಳಿದಾಗ ಮಿದುಳು ಒಂದು ಕ್ಷಣ ಎಚ್ಚರಗೊಳಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ರಾತ್ರಿಯೆಲ್ಲ ಇದೇ ನಡೆದರೆ ಎಂಟು ತಾಸು ಮಲಗಿದರೂ ನಿದ್ದೆ ಆಗಿರುವುದಿಲ್ಲ. ಬಿಪಿ, ಹೃದಯ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಇದರ ನಂಟು ಇದೆ.

ವೈದ್ಯರು ಮೊದಲು ಕೊಟ್ಟದ್ದು ಸಿಪ್ಯಾಪ್ ಯಂತ್ರ. ಮೂಗಿನ ಮೇಲೆ ಮಾಸ್ಕ್ ಕಟ್ಟಿಕೊಂಡು ಮಲಗಬೇಕು. ಯಂತ್ರ ಒತ್ತಡದಲ್ಲಿ ಗಾಳಿ ಕಳಿಸಿ ಗಂಟಲ ದಾರಿಯನ್ನು ತೆರೆದಿಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಮತ್ತು ಅವರ ಜೊತೆಗಾರರು ಇದನ್ನು ಮೊದಲು ವರದಿ ಮಾಡಿದರು. ಇವತ್ತಿಗೂ ಉಸಿರು ನಿಲ್ಲುವುದನ್ನು ತಡೆಯುವಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಹಲ್ಲಿನ ಉಪಕರಣ ಮಾಡುವ ನಾವು ಸಿಪ್ಯಾಪ್ ಅನ್ನು ಹಗುರವಾಗಿ ಮಾತಾಡಿದರೆ ರೋಗಿಗೆ ಅನ್ಯಾಯ ಮಾಡಿದಂತೆ.

ಆದರೆ ಇವರ ಬದುಕಿಗೆ ಅದು ಹೊಂದಲಿಲ್ಲ. ವಾರದಲ್ಲಿ ಹೆಚ್ಚು ದಿನ ಮಲಗುವುದು ಲಾರಿಯ ಕ್ಯಾಬಿನ್‌ನಲ್ಲಿ, ಡಾಬಾದ ಮುಂದೆ. ಅಲ್ಲಿ ಯಂತ್ರಕ್ಕೆ ಕರೆಂಟ್ ಎಲ್ಲಿಂದ ತರುವುದು? ಮನೆಯಲ್ಲೂ ಪ್ರಯತ್ನಿಸಿದರು. ಮೆಣಸಿನಕಾಯಿ ಘಾಟಿನಿಂದ ಮೂಗು ಸದಾ ಕಟ್ಟಿರುತ್ತಿತ್ತು. ಮಾಸ್ಕ್ ಹಾಕಿದರೆ ಉಸಿರು ಕಟ್ಟಿದಂತೆ ಅನಿಸುತ್ತಿತ್ತು. ಮೂಗಿಗೆ ಔಷಧಿ ಕೊಟ್ಟು, ಬೇರೆ ಮಾಸ್ಕ್ ಬದಲಿಸಿ ನೋಡಿದರು. ಯಂತ್ರದ ದಾಖಲೆ ನೋಡಿದರೆ ಹೆಚ್ಚಿನ ರಾತ್ರಿ ಅರ್ಧಕ್ಕೇ ಕಿತ್ತಿಟ್ಟಿದ್ದರು. ಬಾಡಿಗೆಗೆ ತಂದ ಯಂತ್ರ ವಾಪಸ್ ಹೋಯಿತು.

ಆಗ ವೈದ್ಯರೇ ಹಲ್ಲಿನ ಉಪಕರಣಕ್ಕೆ ಬರೆದು ಕಳಿಸಿದರು. ಅಮೆರಿಕದ ನಿದ್ರಾ ವೈದ್ಯರ ಹಾಗೂ ದಂತವೈದ್ಯರ ಸಂಘಟನೆಗಳು 2015ರಲ್ಲಿ ಸೇರಿ ಕೊಟ್ಟ ಮಾರ್ಗಸೂಚಿಯೂ ಹೀಗೆಯೇ ಹೇಳುತ್ತದೆ. ಸಿಪ್ಯಾಪ್ ತಡೆದುಕೊಳ್ಳಲಾಗದ, ಅಥವಾ ಬೇರೆ ದಾರಿ ಬಯಸುವ ವಯಸ್ಕರಿಗೆ ಉಪಕರಣ ಕೊಡಬಹುದು. ಅದು ರೋಗಿಯ ಹಲ್ಲಿಗೇ ಅಳತೆ ತೆಗೆದು ಮಾಡಿದ್ದಾಗಿರಬೇಕು, ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಲು ಬರುವಂತಿರಬೇಕು. ಕೊಟ್ಟ ಮೇಲೆ ಮತ್ತೆ ಸ್ಲೀಪ್ ಸ್ಟಡಿ ಮಾಡಿ ನೋಡಬೇಕು. ಈ ಕೊನೆಯ ಮಾತೇ ಈ ಪ್ರಕರಣದ ಜೀವ.

ಚಿಕಿತ್ಸೆ ಮುಗಿಯುವ ತನಕ ರಾತ್ರಿ ಗಾಡಿ ಓಡಿಸಬಾರದು ಎಂದು ನಾವಿಬ್ಬರೂ ಹೇಳಿದೆವು. ಹೇಳುವುದು ಸುಲಭ. ಲಾರಿಯ ಸಾಲದ ಕಂತು ಪ್ರತಿ ತಿಂಗಳು ಬರುತ್ತದೆ. ಅವರ ಭಾವಮೈದುನ ರಾತ್ರಿ ಪಾಳಿ ಓಡಿಸಲು ಒಪ್ಪಿದ್ದರಿಂದ ಮಾತ್ರ ಅದು ಸಾಧ್ಯವಾಯಿತು. ಆ ಮನುಷ್ಯ ಇಲ್ಲದಿದ್ದರೆ ನಮ್ಮ ಸಲಹೆ ಚೀಟಿಯಲ್ಲೇ ಉಳಿಯುತ್ತಿತ್ತು.

ಬಾಯಿ ಸಿದ್ಧವಾಗುವ ತನಕ

ಉಪಕರಣದ ತತ್ವ ಸರಳ. ನಾಲಿಗೆಯ ದೊಡ್ಡ ಸ್ನಾಯು ಕೆಳದವಡೆಯ ಒಳಬದಿಗೆ, ಗದ್ದದ ಹಿಂದೆ ಅಂಟಿಕೊಂಡಿದೆ. ದವಡೆಯನ್ನು ಮುಂದೆ ಹಿಡಿದಿಟ್ಟರೆ ನಾಲಿಗೆಯೂ ಮುಂದೆ ಬರುತ್ತದೆ. ಅಂಗುಳದ ಹಿಂದಿನ ದಾರಿ ಪಕ್ಕಕ್ಕೂ ಅಗಲವಾಗುತ್ತದೆ. ಇದು ತೀರಾ ಹೊಸ ಯೋಚನೆಯಲ್ಲ. ಫ್ರಾನ್ಸಿನ ಪಿಯೆರ್ ರೋಬಾಂ ಸಣ್ಣ ದವಡೆಯ ಮಕ್ಕಳಲ್ಲಿ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುವುದನ್ನು 1923ರಲ್ಲೇ ವಿವರಿಸಿದ್ದರು.

ಆದರೆ ಈ ಉಪಕರಣ ನಿಲ್ಲುವುದು ಹಲ್ಲಿನ ಮೇಲೆ. ದವಡೆ ಹಿಂದಕ್ಕೆ ಎಳೆಯುವ ಬಲವನ್ನೆಲ್ಲ ಹಲ್ಲುಗಳೇ ಹೊರಬೇಕು. ಇವರ ವಸಡು ಊದಿತ್ತು, ಹಲ್ಲಿನ ಬುಡದಲ್ಲಿ ಗಟ್ಟಿ ಕೊಳೆ ಕಟ್ಟಿತ್ತು. ಅದಕ್ಕಿಂತ ದೊಡ್ಡ ತೊಡಕು ಗುಟ್ಕಾ. ರಾತ್ರಿ ಎಚ್ಚರವಿರಲು ವರ್ಷಗಟ್ಟಲೆ ಗುಟ್ಕಾ ಅಗಿದಿದ್ದರು. ಎಡಗೆನ್ನೆಯ ಒಳಗೆ ಬಿಳಿಚಿಕೊಂಡು ಗಟ್ಟಿಯಾಗಿತ್ತು. ಬಾಯಿ 34 ಮಿಲಿಮೀಟರ್ ಮಾತ್ರ ತೆರೆಯುತ್ತಿತ್ತು. ವಯಸ್ಕರಲ್ಲಿ 40ರ ಮೇಲಿರಬೇಕು. ಖಾರ ತಿಂದರೆ ಉರಿ ಎನ್ನುತ್ತಿದ್ದರು. ಇದು ಅಡಿಕೆ, ಗುಟ್ಕಾದಿಂದ ಕೆನ್ನೆಯೊಳಗಿನ ಚರ್ಮ ನಾರುನಾರಾಗುವ ಕಾಯಿಲೆಯ ಶುರು. ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲದ್ದು. ಒಂದು ವಿಷಯ ನೋಡಿ: ತೂಕಡಿಕೆ ತಡೆಯಲು ಗುಟ್ಕಾ, ಗುಟ್ಕಾದಿಂದ ಬಾಯಿ ಬಿಗಿ, ಬಾಯಿ ಬಿಗಿಯಾದರೆ ತೂಕಡಿಕೆಯ ಚಿಕಿತ್ಸೆಗೇ ಅಡ್ಡಿ. ಹೆದ್ದಾರಿಯಲ್ಲಿ ರಾತ್ರಿ ಓಡಿಸುವ ಎಷ್ಟೋ ಚಾಲಕರು ಈ ಸುಳಿಯಲ್ಲಿ ಸಿಕ್ಕಿದ್ದಾರೆ. ಅವರ ಬಾಯಿ ನೋಡುವವರು ಅವರ ನಿದ್ದೆಯನ್ನೂ ಕೇಳಬೇಕು.

ಗುಟ್ಕಾ ಬಿಡುವುದು ನಮ್ಮ ಮೊದಲ ಷರತ್ತು. ಒಂದೇ ಸಲಕ್ಕೆ ಬಿಡಲಾಗಲಿಲ್ಲ. ನಡುವೆ ಮತ್ತೆ ಶುರುವಾಗಿತ್ತು ಎಂದು ಅವರೇ ಹೇಳಿದರು. ಹಾಗೆ ಬಂದು ಹೇಳಿದ್ದು ನನಗೆ ಸಮಾಧಾನ ಕೊಟ್ಟಿತು, ಮುಚ್ಚಿಟ್ಟಿದ್ದರೆ ಕಷ್ಟವಿತ್ತು. ಕೊನೆಗೆ ಬಿಟ್ಟರು. ಬಾಯಿ ತೆರೆಯುವ ವ್ಯಾಯಾಮ ಕೊಟ್ಟೆ. ವಸಡಿನ ಚಿಕಿತ್ಸೆ ಮುಗಿದು ರಕ್ತ ನಿಂತಿತು. ಎರಡು ದವಡೆಯಲ್ಲೂ ಸಾಕಷ್ಟು ಗಟ್ಟಿ ಹಲ್ಲುಗಳಿದ್ದವು. ಕಿವಿಯ ಮುಂದಿನ ದವಡೆ ಕೀಲಿನಲ್ಲಿ ನೋವಿರಲಿಲ್ಲ. ದವಡೆಯನ್ನು ಪೂರ್ತಿ ಹಿಂದಿನಿಂದ ಪೂರ್ತಿ ಮುಂದಕ್ಕೆ 9 ಮಿಲಿಮೀಟರ್ ತಳ್ಳಬಲ್ಲವರಾಗಿದ್ದರು. ಇದು 5ಕ್ಕಿಂತ ಕಡಿಮೆಯಿದ್ದರೆ ಉಪಕರಣದಿಂದ ಹೆಚ್ಚು ಲಾಭ ನಿರೀಕ್ಷಿಸಲಾಗದು.

ಈ ನಡುವೆ ಅವರು ಆನ್‌ಲೈನ್‌ನಲ್ಲಿ ಇಂಥದ್ದೇ ಒಂದು ಸಿದ್ಧ ಉಪಕರಣ ತರಿಸಿದ್ದರು. ಬಿಸಿನೀರಲ್ಲಿ ಅದ್ದಿ ಕಚ್ಚಿದರೆ ಅಚ್ಚು ಮೂಡುವ ಬಗೆಯದ್ದು. ನೋಡಿದೆ. ದಪ್ಪ, ಸಡಿಲ. ಬಾಯಿ ಸ್ವಲ್ಪ ತೆರೆದರೂ ಕಳಚುತ್ತಿತ್ತು, ಬೆಳಿಗ್ಗೆ ದಿಂಬಿನ ಕೆಳಗೆ ಸಿಗುತ್ತಿತ್ತು. ದವಡೆಯನ್ನು ಎಷ್ಟು ಮುಂದೆ ಹಿಡಿದಿದೆ ಎಂದು ಅಳೆಯಲೂ ಬಾರದು, ಬದಲಿಸಲೂ ಬಾರದು. ದುಡ್ಡಿನ ವಿಷಯಕ್ಕೆ ಜನ ಅದರತ್ತ ಹೋಗುವುದು ಅರ್ಥವಾಗುತ್ತದೆ. ಆದರೆ ಎಎಚ್‌ಐ 27 ಇರುವ, ಕೈಯಲ್ಲಿ ಲಾರಿಯ ಸ್ಟೀರಿಂಗ್ ಹಿಡಿಯುವ ಮನುಷ್ಯನಿಗೆ ಅದನ್ನು ನಂಬಿ ಕಳಿಸಲಾರೆ.

ಎರಡೂ ದವಡೆಯ ಅಳತೆ ತೆಗೆದೆ. ದವಡೆ ಎಷ್ಟು ಮುಂದಿರಬೇಕು ಎಂಬುದನ್ನು ಅಳತೆಯ ಗೇಜು ಕಚ್ಚಿಸಿ ದಾಖಲಿಸಿದೆ. ಶುರುವಿಗೆ 5.5 ಮಿಲಿಮೀಟರ್, ಅಂದರೆ ಅವರು ತಳ್ಳಬಲ್ಲ 9 ಮಿಲಿಮೀಟರ್‌ನ ಸುಮಾರು 60 ಶೇಕಡದಷ್ಟು. ಲ್ಯಾಬ್‌ನಿಂದ ಬಂದದ್ದು ಎರಡು ತುಂಡಿನ ಅಕ್ರಿಲಿಕ್ ಉಪಕರಣ. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು, ಎರಡೂ ಬದಿಯಲ್ಲಿ ಸ್ಕ್ರೂ. ಸ್ಕ್ರೂ ತಿರುಗಿಸಿದರೆ ಕೆಳದವಡೆ ಕಾಲು ಮಿಲಿಮೀಟರ್ ಮುಂದೆ ಸರಿಯುತ್ತದೆ. ಬಾಯಿಗೆ ಹಾಕಿಕೊಂಡೂ ಮಾತಾಡಬಹುದು, ನೀರು ಕುಡಿಯಬಹುದು. ಅವರು ಅದನ್ನು ಕ್ಲಿಪ್ಪು ಎಂದೇ ಕರೆದರು. ತೊಳೆಯಲು ಬ್ರಶ್ ಮತ್ತು ಸೋಪು ಸಾಕು, ಬಿಸಿನೀರು ಬೇಡ ಎಂದೆ. ಡಬ್ಬಿಯನ್ನು ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ ಎಂದು ಎರಡೆರಡು ಸಲ ಹೇಳಿದೆ. ಬಿಸಿಲಿಗೆ ಅಕ್ರಿಲಿಕ್ ಸೊಟ್ಟಗಾದರೆ ಮತ್ತೆ ಹೊಸದೇ ಮಾಡಬೇಕು.

ಸದ್ದು ಹೋಯಿತು, ಆದರೂ

ಮೊದಲ ವಾರ ಜೊಲ್ಲು ಸುರಿಯಿತು, ಬೆಳಿಗ್ಗೆ ಕೆನ್ನೆ ನೋವು. ಎದ್ದಾಗ ಹಲ್ಲುಗಳು ಹಳೆಯ ಜಾಗದಲ್ಲಿ ಕೂರುತ್ತಿರಲಿಲ್ಲ. ಇದು ಹೆಚ್ಚಿನವರಿಗೆ ಆಗುವಂಥದ್ದು. ಎದ್ದ ಮೇಲೆ ಕಚ್ಚಲು ಒಂದು ಸಣ್ಣ ಅಚ್ಚು ಮಾಡಿಕೊಟ್ಟಿದ್ದೆ. ಅದನ್ನು ಸ್ವಲ್ಪ ಹೊತ್ತು ಕಚ್ಚಿದರೆ ದವಡೆ ಹಿಂದಕ್ಕೆ ಬರುತ್ತದೆ. ವಾರ ಕಳೆದ ಹಾಗೆ ಜೊಲ್ಲು ಕಡಿಮೆಯಾಯಿತು. ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸಿ 6.5ಕ್ಕೆ ತಂದೆವು.

ಆ ಹೊತ್ತಿಗೆ ಮನೆಯಲ್ಲಿ ಗೊರಕೆ ಪೂರ್ತಿ ನಿಂತಿತ್ತು. ಹೆಂಡತಿ ಫೋನ್ ಮಾಡಿ ಖುಷಿಯಿಂದ ಹೇಳಿದರು. ಅವರಿಗೂ ಎಷ್ಟೋ ವರ್ಷದ ಮೇಲೆ ನಿದ್ದೆ ಸಿಕ್ಕಿತ್ತು. ಚಾಲಕರು ಕೇಳಿದ್ದು ಒಂದೇ ಪ್ರಶ್ನೆ: "ಇನ್ನ ರಾತ್ರಿ ಗಾಡಿ ತಗೋಬಹುದೇನ್ರಿ?"

ಎಷ್ಟೋ ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ. ಸದ್ದು ನಿಂತರೆ ಎಲ್ಲರಿಗೂ ಸಮಾಧಾನ. ರೋಗಿಗೆ ಮತ್ತೆ ಪರೀಕ್ಷೆಯ ಖರ್ಚು ಬೇಡ, ಡಾಕ್ಟರಿಗೂ ಗುಣವಾಯಿತು ಎಂಬ ಭಾವನೆ. ಆದರೆ ಗೊರಕೆ ಎಂದರೆ ಇಕ್ಕಟ್ಟಾದ ದಾರಿಯಲ್ಲಿ ಮೆತ್ತನೆಯ ಭಾಗಗಳು ನಡುಗುವ ಸದ್ದು ಅಷ್ಟೇ. ಉಸಿರು ಪೂರ್ತಿ ಮುಚ್ಚಿದಾಗ ಸದ್ದೇ ಇರುವುದಿಲ್ಲ. ನಡುಕ ಹೋಗುವಷ್ಟು ದಾರಿ ತೆರೆದಿದ್ದರೂ, ಅಂಗಾತ ಮಲಗಿದಾಗ ಗಾಳಿಯ ಹರಿವು ಆಗಾಗ ಕುಸಿಯುತ್ತಿರಬಹುದು. ಅದು ಪಕ್ಕದವರಿಗೆ ಕೇಳಿಸುವುದಿಲ್ಲ. ಅವರ ಎಪ್‌ವರ್ತ್ ಅಂಕ ಇನ್ನೂ 11ರಲ್ಲೇ ಇತ್ತು. ಇಷ್ಟು ಕಾಲ ಅಲುಗಾಡಿಸಿ ಎಬ್ಬಿಸುತ್ತಿದ್ದ ಹೆಂಡತಿಯೂ ಈಗ ನೆಮ್ಮದಿಯಾಗಿ ಮಲಗಿದ್ದರು. ಅಂದರೆ ಕಾವಲೂ ಇಲ್ಲ. ಅಳೆಯದೆ ರಾತ್ರಿ ಗಾಡಿಗೆ ಒಪ್ಪಿಗೆ ಕೊಡುವುದು ಸಾಧ್ಯವೇ ಇರಲಿಲ್ಲ.

ಉಪಕರಣ ಹಾಕಿಕೊಂಡೇ ಮನೆಯಲ್ಲಿ ಪರೀಕ್ಷೆ ಮಾಡುವ ಸಣ್ಣ ಯಂತ್ರವನ್ನು ವೈದ್ಯರು ಕೊಟ್ಟು ಕಳಿಸಿದರು. ಎಎಚ್‌ಐ 16 ಬಂತು. ಅಂಗಾತ 25, ಮಗ್ಗುಲಲ್ಲಿ 5. ಮನೆಯ ಪರೀಕ್ಷೆ ನಿದ್ದೆಯನ್ನಲ್ಲ, ಯಂತ್ರ ಓಡಿದ ಒಟ್ಟು ಸಮಯವನ್ನು ಲೆಕ್ಕ ಹಿಡಿಯುತ್ತದೆ. ಹಾಗಾಗಿ ನಿಜವಾದ ಅಂಕಿ ಇನ್ನೂ ಸ್ವಲ್ಪ ಜಾಸ್ತಿಯೇ ಇದ್ದೀತು. ಗೊರಕೆ ಸೊನ್ನೆ, ಕಾಯಿಲೆ ಇನ್ನೂ ಮಧ್ಯಮ ಹಂತದಲ್ಲಿ. ಕಾಗದವನ್ನು ಇಬ್ಬರ ಮುಂದೆಯೂ ಇಟ್ಟು ವಿವರಿಸಿದೆ. ಹೆಂಡತಿಯ ಮುಖ ಬಾಡಿತು. ಆದರೆ ಇಬ್ಬರೂ ಕೈಬಿಡಲಿಲ್ಲ.

ಎರಡು ಕೆಲಸ ಮಾಡಿದೆವು. ಸ್ಕ್ರೂ ಇನ್ನೂ ನಿಧಾನವಾಗಿ ತಿರುಗಿಸುತ್ತ 7.25ಕ್ಕೆ ಬಂದೆವು. ಒಂದು ಹಂತದಲ್ಲಿ ಕಿವಿಯ ಮುಂದೆ ನೋವು ಬಂತು. ಒಂದು ತಿರುವು ಹಿಂದಕ್ಕೆ ತಂದು, ನೋವು ಹೋಗುವ ತನಕ ಕಾದು ಮುಂದುವರಿದೆವು. ಇಲ್ಲಿ ಆತುರ ಪಟ್ಟರೆ ರೋಗಿ ಉಪಕರಣವನ್ನೇ ಎಸೆಯುತ್ತಾನೆ. ಎರಡನೆಯದು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದ ಆ ಅಂತರ. ಇವರ ಉಸಿರು ಕೆಡುವುದು ಹೆಚ್ಚಾಗಿ ಅಂಗಾತ ಮಲಗಿದಾಗ. ಹೆಂಡತಿ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಅದರಲ್ಲಿ ಚೆಂಡು ಇಟ್ಟರು. ಅಂಗಾತ ಹೊರಳಿದರೆ ಒತ್ತುತ್ತದೆ, ತಾನಾಗಿಯೇ ಮಗ್ಗುಲಾಗುತ್ತಾರೆ. ಮಲಗುವ ಮುಂಚೆ ಕುಡಿಯುವ ಚೂರುಪಾರು ಅಭ್ಯಾಸವನ್ನೂ ನಿಲ್ಲಿಸಿದರು. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ.

ಕೊನೆಯ ಪರೀಕ್ಷೆಯನ್ನು ಮತ್ತೆ ಆಸ್ಪತ್ರೆಯಲ್ಲೇ ಮಾಡಿಸಿದೆವು, ಮೊದಲಿನದ್ದರ ಜೊತೆ ಹೋಲಿಸಲು ಬರಲಿ ಎಂದು. ಎಎಚ್‌ಐ 7. ಅಂಗಾತ 13, ಮಗ್ಗುಲಲ್ಲಿ 3. ಆಮ್ಲಜನಕ 89ಕ್ಕಿಂತ ಕೆಳಗೆ ಇಳಿಯಲಿಲ್ಲ. ಎಪ್‌ವರ್ತ್ 6. ಸೊನ್ನೆಯಾಗಿಲ್ಲ, ನಿಜ. ಸಿಪ್ಯಾಪ್ ಸರಿಯಾಗಿ ಬಳಸಿದ್ದರೆ ಇನ್ನೂ ಕಡಿಮೆಯಾಗುತ್ತಿತ್ತೇನೋ. ಆದರೆ ಪೆಟ್ಟಿಗೆಯಲ್ಲಿರುವ ಯಂತ್ರ ಯಾರ ಉಸಿರನ್ನೂ ಕಾಯುವುದಿಲ್ಲ. 2013ರಲ್ಲಿ ಸಿಡ್ನಿಯಿಂದ ಪ್ರಕಟವಾದ ಒಂದು ಅಧ್ಯಯನ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಸಿಪ್ಯಾಪ್, ಹಲ್ಲಿನ ಉಪಕರಣ ಎರಡನ್ನೂ ತಲಾ ಒಂದು ತಿಂಗಳು ಬಳಸಿ ನೋಡಿತ್ತು. ಎಎಚ್‌ಐ ಇಳಿಸುವುದರಲ್ಲಿ ಸಿಪ್ಯಾಪ್ ಮುಂದಿತ್ತು. ರಾತ್ರಿ ಹೆಚ್ಚು ಹೊತ್ತು ಬಳಸಿದ್ದು ಉಪಕರಣವನ್ನು. ಬಿಪಿ, ಹಗಲಿನ ತೂಕಡಿಕೆಯಂಥ ವಿಷಯಗಳಲ್ಲಿ ಉಪಕರಣವೇನೂ ಹಿಂದೆ ಬೀಳಲಿಲ್ಲ. ಇವರ ವಿಷಯದಲ್ಲೂ ನಾನು ಕಂಡದ್ದು ಅದನ್ನೇ. ಕ್ಯಾಬಿನ್‌ನಲ್ಲಿ, ಡಾಬಾದ ಮಂಚದ ಮೇಲೆ, ಮದುವೆಗೆ ಹೋದ ಊರಿನಲ್ಲಿ, ಎಲ್ಲಿ ಮಲಗಿದರೂ ಡಬ್ಬಿ ಜೇಬಿನಲ್ಲಿರುತ್ತದೆ.

ರಾತ್ರಿ ಗಾಡಿಗೆ ಒಪ್ಪಿಗೆ ಕೊಟ್ಟದ್ದು ಎದೆರೋಗ ತಜ್ಞರು, ಈ ಪರೀಕ್ಷೆ ನೋಡಿದ ಮೇಲೆ. ಜೊತೆಗೆ ಷರತ್ತುಗಳಿವೆ. ಹೊರಡುವ ದಿನ ಹಗಲು ಉಪಕರಣ ಹಾಕಿಕೊಂಡು ನಿದ್ದೆ ಮಾಡಬೇಕು. ತೂಕಡಿಕೆ ಬಂದರೆ ಗಾಡಿ ನಿಲ್ಲಿಸಬೇಕು. ದೂರದ ಪ್ರಯಾಣಕ್ಕೆ ಭಾವಮೈದುನ ಜೊತೆಗಿರಬೇಕು. ಬಿಪಿ ಮಾತ್ರೆ ನಿಲ್ಲಿಸಿಲ್ಲ, ಅದನ್ನು ಅವರ ವೈದ್ಯರೇ ನೋಡಿಕೊಳ್ಳುತ್ತಾರೆ.

ಒಂದು ವರ್ಷದ ತಪಾಸಣೆಯಲ್ಲಿ ಒಂದು ಬದಲಾವಣೆ ಕಂಡಿತು. ಮೇಲಿನ ಮುಂಭಾಗದ ಹಲ್ಲುಗಳು ಕೆಳಗಿನವುಗಳಿಗಿಂತ ಮುಂದೆ ಇದ್ದ ಅಂತರ ಅರ್ಧ ಮಿಲಿಮೀಟರ್ ಕಡಿಮೆಯಾಗಿದೆ. ಉಪಕರಣ ವರ್ಷಗಟ್ಟಲೆ ಬಳಸಿದರೆ ಹಲ್ಲು ಹೀಗೆ ನಿಧಾನವಾಗಿ ಸರಿಯುತ್ತದೆ. ಶುರುವಿನಲ್ಲೇ ಇದನ್ನು ಹೇಳಿ ಸಹಿ ಪಡೆದಿದ್ದೆ. ಅಗಿಯಲು ತೊಂದರೆ ಇಲ್ಲ ಎಂದರು. ಬೆಳಗಿನ ಅಚ್ಚು ಕಚ್ಚುವುದನ್ನು ಬಿಟ್ಟಿದ್ದರು, ಮತ್ತೆ ಶುರುಮಾಡಿಸಿದೆ. ಎಡಗೆನ್ನೆಯ ಬಿಳಿಚಿದ ಜಾಗ ಬೆಳೆದಿಲ್ಲ, ಆದರೆ ಹೋಗಿಯೂ ಇಲ್ಲ. ಅದನ್ನು ಪ್ರತಿ ಸಲ ನೋಡುತ್ತೇನೆ. ಕೆಳಗಿನ ಬಲಗಡೆ ದವಡೆ ಹಲ್ಲೊಂದಕ್ಕೆ ಈಗ ರೂಟ್ ಕೆನಾಲ್ ಆಗಬೇಕಿದೆ, ಆಮೇಲೆ ಕ್ಯಾಪ್. ಕ್ಯಾಪ್‌ನ ಆಕಾರ ಬದಲಾದರೆ ಉಪಕರಣ ಕೂರುವುದಿಲ್ಲ. ಹಾಗಾಗಿ ಬರುವಾಗ ಡಬ್ಬಿ ಜೊತೆಗೆ ತನ್ನಿ, ಬೇರೆ ಊರಲ್ಲಿ ತೋರಿಸುವುದಾದರೂ ಮೊದಲು ಅದನ್ನು ಅಲ್ಲಿನ ಡಾಕ್ಟರ ಕೈಗೆ ಕೊಡಿ ಎಂದು ಹೇಳಿ ಕಳಿಸಿದ್ದೇನೆ.